ವಿನ್ಯಾಸ ತಂಡದ ಮುಂದಾಳಾಗಲು

ಪ್ರಶ್ನೆ: ಹತ್ತಿ ವಹಿವಾಟಿಗಾಗಿ ಮೊಬೈಲ್ ಆ್ಯಪ್ ರೂಪಿಸುವ ತಂಡದಲ್ಲಿ ನಾನು ವಿನ್ಯಾಸಕಿ. ತಂಡವನ್ನು ಮುನ್ನಡೆಸುವ ಹುದ್ದೆಗೆ ಹೇಗೆ ಸಿದ್ಧಳಾಗಬೇಕು?
– ಓದುಗರೊಬ್ಬರು, ರಾಯಚೂರು

ಉತ್ತರ: ಅಂದದ ಪರದೆಗಳನ್ನು ರಚಿಸುವ ಕೌಶಲಕ್ಕಿಂತ, ಬಳಸುವವರನ್ನೂ ತಂತ್ರಾಂಶ ಬರೆಯುವವರನ್ನೂ ಜೊತೆಗೆ ಕೂರಿಸಿ ಕೆಲಸ ಮಾಡುವ ಅಭ್ಯಾಸವೇ ಆ ಹುದ್ದೆಗೆ ಮುಖ್ಯವೆಂದು ನಾನು ನಂಬುತ್ತೇನೆ. 1980ರ ದಶಕದ ಆರಂಭದಲ್ಲಿ ಸ್ವೀಡನ್ನಿನ ‘ಯುಟೋಪಿಯಾ’ ಯೋಜನೆಯಲ್ಲಿ ಪತ್ರಿಕಾ ಮುದ್ರಣದ ಕಾರ್ಮಿಕರು ಸಂಶೋಧಕರೊಂದಿಗೆ ಸೇರಿ, ಇನ್ನೂ ತಯಾರಾಗದ ಕಂಪ್ಯೂಟರ್ ಉಪಕರಣಗಳನ್ನು ರಟ್ಟು, ಕಾಗದಗಳಲ್ಲೇ ಮಾಡಿಕೊಂಡು, ಅವು ತಮ್ಮ ಕೆಲಸಕ್ಕೆ ಒಗ್ಗುತ್ತವೆಯೇ ಎಂದು ಪರೀಕ್ಷಿಸಿದರು. ಇದಕ್ಕೆ ಕಾರ್ಮಿಕ ಸಂಘಗಳೇ ಒತ್ತಾಸೆಯಾಗಿದ್ದವು ಎಂಬುದು ನನಗೆ ಬಹಳ ಮಹತ್ವದ ಸಂಗತಿ. ನೀವೂ ಎಪಿಎಂಸಿ ಪ್ರಾಂಗಣದಲ್ಲಿ ರೈತರು, ದಲಾಲರು, ಹಮಾಲರ ಮುಂದೆ ಕಾಗದದ ಕರಡನ್ನಿಟ್ಟು ಅವರ ಕೈಯಿಂದಲೇ ತಿದ್ದಿಸಿ, ಪ್ರೋಗ್ರಾಮರನ್ನೂ ಕರೆದೊಯ್ಯಿರಿ. ಯಾವ ತಿದ್ದುಪಡಿಯನ್ನು ಏಕೆ ಒಪ್ಪಿದಿರಿ, ಯಾವುದನ್ನು ಏಕೆ ಬಿಟ್ಟಿರಿ ಎಂಬುದನ್ನು ಬರೆದಿಟ್ಟು, ಸಂದರ್ಶನದಲ್ಲಿ ಆ ದಾಖಲೆಯನ್ನೇ ತೋರಿಸಿ.