ಬೆಳಿಗ್ಗೆ 126, ಸಂಜೆ 148: ಇದರಲ್ಲಿ ನನ್ನ ನಿಜವಾದ ಬಿಪಿ ಯಾವುದು?

ಎರಡೂ ನಿಜವೇ ಇರಬಹುದು. ಬೆಳಿಗ್ಗೆ 126/82, ಕೆಲಸ ಮುಗಿಸಿ ಬಂದ ಕೂಡಲೇ 148/94 ಅಂತ ಬರೆದಿದ್ದೀರಿ. ಯಂತ್ರ ಕೆಟ್ಟಿದೆಯಾ, ನಲವತ್ತರಲ್ಲೇ ಮಾತ್ರೆ ಶುರು ಮಾಡಬೇಕಾ ಅಂತ ಕೇಳಿದ್ದೀರಿ. ನಾನು ಹೊರರೋಗಿ ವಿಭಾಗದಲ್ಲಿ ನರ್ಸ್, ಬಿಪಿ ನೋಡುವುದು ದಿನದ ಕೆಲಸ. ಯಂತ್ರದ ಮೇಲೆ ಅನುಮಾನ ಪಡುವ ಮೊದಲು, ನೋಡಿದ ರೀತಿಯ ಮೇಲೆ ಅನುಮಾನ ಪಡಿ.

ಬಂದ ಕೂಡಲೇ ನೋಡಿದ್ದೇ ಮೊದಲ ತೊಡಕು. ಕಾಫಿ, ಸಿಗರೇಟು, ವ್ಯಾಯಾಮ ಆಗಿ ಅರ್ಧ ಗಂಟೆ ಕಳೆದಿರಬೇಕು. ಮೂತ್ರ ಮಾಡಿ ಬಂದು, ಬೆನ್ನಿಗೆ ಆಸರೆ ಕೊಟ್ಟು, ಪಾದ ನೆಲಕ್ಕೂರಿ ಐದು ನಿಮಿಷ ಸುಮ್ಮನೆ ಕೂರಬೇಕು. ಕೈ ಮೇಜಿನ ಮೇಲೆ, ಎದೆಯ ಮಟ್ಟದಲ್ಲಿರಲಿ. ಕೈ ಕೆಳಗೆ ಜೋತುಬಿದ್ದಿದ್ದರೆ ಅಂಕಿ ಏರುತ್ತದೆ, ಮಾತಾಡುತ್ತಿದ್ದರೂ ಏರುತ್ತದೆ. ತೋಳು ದಪ್ಪಗಿದ್ದು, ಅದಕ್ಕೆ ಸುತ್ತುವ ಯಂತ್ರದ ಪಟ್ಟಿ ಚಿಕ್ಕದಾಗಿದ್ದರೆ ಪ್ರತಿ ಸಲವೂ ಜಾಸ್ತಿಯೇ ತೋರಿಸುತ್ತದೆ. ಪಟ್ಟಿಯ ಅಳತೆ ತೋಳಿಗೆ ಸರಿಯಿದೆಯೇ ಅಂತ ಯಾರೂ ನೋಡುವುದೇ ಇಲ್ಲ, ನೀವಾದರೂ ನೋಡಿ.

ಹೀಗೆ ಏಳು ದಿನ, ಬೆಳಿಗ್ಗೆ ಎರಡು ಸಲ, ಸಂಜೆ ಎರಡು ಸಲ, ನಡುವೆ ಒಂದು ನಿಮಿಷ ಬಿಟ್ಟು ನೋಡಿ ಬರೆದಿಡಿ. ಮೊದಲ ದಿನದ್ದನ್ನು ಕೈಬಿಟ್ಟು ಉಳಿದವುಗಳ ಸರಾಸರಿ ತೆಗೆಯಿರಿ. ಮನೆಯಲ್ಲಿ ನೋಡಿದ ಸರಾಸರಿ 135/85 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಸಾಮಾನ್ಯವಾಗಿ ಅಧಿಕ ಬಿಪಿ ಅಂತ ಲೆಕ್ಕ. ಆಸ್ಪತ್ರೆಯಲ್ಲಿ ನೋಡಿದರೆ ಗಡಿ 140/90. ಅಮೆರಿಕದ ವೈದ್ಯರು 2017ರಿಂದ 130/80ಕ್ಕೇ ಗೆರೆ ಎಳೆದಿದ್ದಾರೆ, ಹಾಗಾಗಿ ಬೇರೆ ಬೇರೆ ಕಡೆ ಬೇರೆ ಬೇರೆ ಅಂಕಿ ಓದಿ ಗಾಬರಿಯಾಗಬೇಡಿ. ಡಾಕ್ಟರನ್ನು ಕಂಡ ಕೂಡಲೇ ಬಿಪಿ ಏರುವವರಿದ್ದಾರೆ. ಅಲ್ಲಿ ಸರಿಯಿದ್ದು ಮನೆಯಲ್ಲಿ ಏರುವವರೂ ಇದ್ದಾರೆ, ನನಗೆ ಹೆಚ್ಚು ಚಿಂತೆ ಇವರದ್ದೇ.

ಏನೇನು ಏರಿಸುತ್ತದೆ ಅಂದರೆ: ಮೈಯಲ್ಲಿ ರಕ್ತದ ಪ್ರಮಾಣ ಎಷ್ಟಿದೆ, ಹೃದಯ ಎಷ್ಟು ತಳ್ಳುತ್ತಿದೆ, ಸಣ್ಣ ರಕ್ತನಾಳಗಳು ಎಷ್ಟು ಬಿಗಿದುಕೊಂಡಿವೆ, ಎಲ್ಲ ಕಾರಣಗಳೂ ಕೊನೆಗೆ ಇಲ್ಲಿಗೇ ಬಂದು ಸೇರುತ್ತವೆ. ಉಪ್ಪು ಹೆಚ್ಚಾದರೆ ಮೈ ನೀರು ಹಿಡಿದಿಟ್ಟುಕೊಳ್ಳುತ್ತದೆ, ಅದನ್ನು ಹೊರಹಾಕುವ ಹೊಣೆ ಮೂತ್ರಪಿಂಡಗಳದ್ದು. ಸಿಟ್ಟು, ಚಳಿ, ನೋವು ನಾಳಗಳನ್ನು ಬಿಗಿಯುತ್ತವೆ. ವಯಸ್ಸಾದಂತೆ ದೊಡ್ಡ ನಾಳಗಳೇ ಗಡಸಾಗುತ್ತವೆ, ಅದಕ್ಕೇ ಹಿರಿಯರಲ್ಲಿ ಮೇಲಿನ ಅಂಕಿ (148/94ರಲ್ಲಿ 148) ಮಾತ್ರ ಏರಿರುವುದು ಸಾಮಾನ್ಯ. ಅಪ್ಪ ಅಮ್ಮನಿಗಿದ್ದರೆ ನಿಮಗೂ ಬರುವ ಸಾಧ್ಯತೆ ಹೆಚ್ಚು, ಅದಕ್ಕೆ ನೀವೇನೂ ಮಾಡುವ ಹಾಗಿಲ್ಲ.

ಯಾರೂ ತಾವಾಗಿ ಹೇಳದ, ನಾನು ಕೆದಕಿ ಕೇಳುವ ಎರಡು ವಿಷಯಗಳಿವೆ. ಒಂದು, ಬೇರೆ ಔಷಧಿ. ಮಂಡಿನೋವಿಗೆ, ಸೊಂಟನೋವಿಗೆ ದಿನವೂ ನುಂಗುವ ಡೈಕ್ಲೋಫೆನಾಕ್, ಐಬುಪ್ರೊಫೇನ್ ಬಿಪಿ ಏರಿಸುತ್ತವೆ. ಕಟ್ಟಿದ ಮೂಗು ಬಿಡಿಸುವ ಕೆಲವು ಶೀತದ ಮಾತ್ರೆಗಳು, ಸ್ಟೀರಾಯ್ಡ್, ಕೆಲವು ಗರ್ಭನಿರೋಧಕ ಮಾತ್ರೆಗಳೂ ಅಷ್ಟೇ. ಬಿಪಿ ಮಾತ್ರೆ ಹಿಡಿಯುತ್ತಿಲ್ಲ ಅಂತ ಬರುವವರ ಚೀಲದಲ್ಲಿ ನೋವಿನ ಮಾತ್ರೆಯೂ ಇರುತ್ತದೆ! ಎರಡು, ಗೊರಕೆ. ನಿದ್ದೆಯಲ್ಲಿ ಉಸಿರು ನಿಂತು ನಿಂತು ಬರುತ್ತದೆ ಅಂತ ಪಕ್ಕದಲ್ಲಿ ಮಲಗುವವರು ಹೇಳಿದರೆ ಡಾಕ್ಟರಿಗೆ ತಿಳಿಸಿ. ಆ ತೊಂದರೆ ಇರುವಷ್ಟು ದಿನ ಬಿಪಿ ಹತೋಟಿಗೆ ಬರುವುದು ಕಷ್ಟ.

ಉಪ್ಪಿಗೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ ದಿನಕ್ಕೆ 5 ಗ್ರಾಮಿಗಿಂತ ಕಡಿಮೆ, ಅಂದರೆ ಒಂದು ಟೀ ಚಮಚದೊಳಗೆ. ಬ್ರೆಡ್, ಚಿಪ್ಸ್, ಸಾಸ್, ಪೊಟ್ಟಣದ ತಿಂಡಿಗಳಲ್ಲಿರುವುದೂ ಅದರಲ್ಲೇ ಸೇರಿತು. ಹಣ್ಣು, ತರಕಾರಿ, ಕಾಳುಗಳಲ್ಲಿರುವ ಪೊಟ್ಯಾಸಿಯಂ ಒಳ್ಳೆಯದೇ. ಆದರೆ ಸೋಡಿಯಂ ಕಡಿಮೆ ಇರುವ ಉಪ್ಪಿನಲ್ಲಿ ಸಾಮಾನ್ಯವಾಗಿ ಪೊಟ್ಯಾಸಿಯಂ ಸೇರಿಸಿರುತ್ತಾರೆ. ಮೂತ್ರಪಿಂಡದ ತೊಂದರೆ ಇರುವವರು, ಕೆಲವು ಬಿಪಿ ಮಾತ್ರೆ ತೆಗೆದುಕೊಳ್ಳುವವರು ಅದನ್ನು ಕೇಳದೆ ಬಳಸಬಾರದು. ತೂಕ ಹೆಚ್ಚಿದ್ದರೆ ಒಂದೊಂದು ಕಿಲೋ ಇಳಿದಾಗಲೂ ಮೇಲಿನ ಅಂಕಿ ಸುಮಾರು ಒಂದೊಂದು ಇಳಿಯುತ್ತದೆ. ವಾರಕ್ಕೆ 150 ನಿಮಿಷ ಚುರುಕಾಗಿ ನಡೆಯಿರಿ. ಕುಡಿಯುವ ಅಭ್ಯಾಸವಿದ್ದರೆ ಕಡಿಮೆ ಮಾಡಿ. ಸಿಗರೇಟಿನ ಬಗ್ಗೆ ಹೇಳಬೇಕಿಲ್ಲ.

ಮಾತ್ರೆಯ ತೀರ್ಮಾನ ಡಾಕ್ಟರದ್ದು. ಸಕ್ಕರೆ ಕಾಯಿಲೆ, ಮೂತ್ರಪಿಂಡ, ಹೃದಯ ಎಲ್ಲ ನೋಡಿ ಹೇಳುತ್ತಾರೆ. ಶುರು ಮಾಡಿದ ಮೇಲೆ ಅಂಕಿ ಸರಿಬಂತು ಅಂತ ನೀವೇ ನಿಲ್ಲಿಸಬೇಡಿ, ಸರಿಬಂದಿರುವುದು ಮಾತ್ರೆಯಿಂದಲೇ. ತಲೆನೋವಿಲ್ಲ, ಸುಸ್ತಿಲ್ಲ ಅನ್ನುವುದೂ ಧೈರ್ಯ ತಂದುಕೊಳ್ಳುವ ಕಾರಣವಲ್ಲ, ಹೆಚ್ಚಿನವರಿಗೆ ಬಿಪಿ ಏರಿದ್ದು ಗೊತ್ತೇ ಆಗುವುದಿಲ್ಲ.

180/120 ದಾಟಿ ಜೊತೆಗೆ ಎದೆನೋವು, ಉಸಿರಾಟದ ತೊಂದರೆ, ಮಾತು ತೊದಲುವುದು, ಕೈಕಾಲು ಬಲ ಕಳೆದುಕೊಳ್ಳುವುದು ಕಂಡರೆ ಸರಾಸರಿ ಗಿರಾಸರಿ ಅಂತ ಕೂರಬೇಡಿ, ತಕ್ಷಣ ತುರ್ತು ಚಿಕಿತ್ಸೆಗೆ ಹೋಗಿ. ನಿಮ್ಮದು ಅಂಥ ಸ್ಥಿತಿಯಲ್ಲ. ವಾರದ ಅಂಕಿಗಳನ್ನು ಬರೆದುಕೊಂಡು, ಯಂತ್ರವನ್ನೂ ಜೊತೆಗೆ ಒಯ್ದು, ಅಲ್ಲಿನ ಯಂತ್ರದ ಪಕ್ಕ ಇಟ್ಟು ಒಮ್ಮೆ ತಾಳೆ ನೋಡಿಸಿ.