ಓದುಗರ ಪ್ರಶ್ನೆ: ಹೊಸ ಕೋಳಿಯನ್ನು ಹಳೆಯ ಗುಂಪಿಗೆ ಬಿಡುವುದು ಯಾವಾಗ?

ಪ್ರಶ್ನೆ: ನಮ್ಮ ಹಿತ್ತಲಿನಲ್ಲಿ ಐದು ನಾಟಿ ಹೇಂಟೆಗಳಿವೆ. ಕಳೆದ ವಾರ ಸಂತೆಯಿಂದ ಒಂದು ಗಿರಿರಾಜ ಹೇಂಟೆಯನ್ನು ತಂದು ಅಂದು ಸಂಜೆಯೇ ಅವುಗಳ ಗೂಡಿಗೆ ಬಿಟ್ಟೆವು. ಮರುದಿನ ನೋಡಿದರೆ ಅದರ ಜುಟ್ಟಿನಿಂದ ರಕ್ತ ಬರುತ್ತಿತ್ತು. ಈಗ ಅದು ಮೂಲೆ ಬಿಟ್ಟು ಕದಲುವುದಿಲ್ಲ, ಕಾಳು ಹಾಕಿದರೂ ಹತ್ತಿರ ಬರುವುದಿಲ್ಲ. ಏನು ಮಾಡಬೇಕು?
– ತೀರ್ಥಹಳ್ಳಿಯ ಓದುಗರು

ಉತ್ತರ: ಮೊದಲು ಅದನ್ನು ಇಂದೇ ಬೇರೆ ಮಾಡಿ. ಕೋಳಿಗಳು ಕೆಂಪು ಕಂಡಲ್ಲಿ ಮತ್ತೆ ಮತ್ತೆ ಕುಕ್ಕುತ್ತವೆ. ಆದ್ದರಿಂದ ಗಾಯ ಪೂರ್ತಿ ಒಣಗುವವರೆಗೆ ಅದನ್ನು ಉಳಿದವುಗಳ ನಡುವೆ ಬಿಡಬಾರದು. ಗಾಯವನ್ನು ಉಪ್ಪು ಬೆರೆಸಿದ ಬೆಚ್ಚಗಿನ ನೀರಿನಿಂದ ತೊಳೆದು, ಔಷಧಿ ಅಂಗಡಿಯಲ್ಲಿ ಸಿಗುವ ಪೊವಿಡೋನ್ ಅಯೋಡಿನ್ ಹಚ್ಚಿ, ನೊಣ ಕೂರದಂತೆ ನೋಡಿಕೊಳ್ಳಿ. ಎರಡು ದಿನ ನೀರಿನ ಪಾತ್ರೆಯನ್ನು ಅದರ ಕೊಕ್ಕಿಗೆ ಎಟಕುವಷ್ಟು ಹತ್ತಿರದಲ್ಲಿಡಿ, ಏಕೆಂದರೆ ಹೆದರಿದ ಕೋಳಿ ಹಸಿವಿಗಿಂತ ಮೊದಲು ಬಾಯಾರಿಕೆಯಿಂದ ಬಳಲುತ್ತದೆ.

ಆದರೆ ಗಾಯಕ್ಕಿಂತ ನನಗೆ ಹೆಚ್ಚು ಚಿಂತೆಯಾಗಿರುವುದು ಸಂತೆಯಿಂದ ತಂದ ಕೋಳಿ ನೇರವಾಗಿ ಗೂಡು ಸೇರಿದ್ದು. ಹಲವು ಊರುಗಳ ಕೋಳಿಗಳು ಒಂದೇ ಮಂಕರಿಯಡಿ ದಿನವಿಡೀ ಕೂಡಿರುವ ಜಾಗವದು. ನಮ್ಮಲ್ಲಿ ಕೊಕ್ಕರೆ ರೋಗವೆಂದು ಕರೆಯುವ ರಾಣಿಖೇತ್ ರೋಗದ ಸೋಂಕು ತಗುಲಿದ ಹಕ್ಕಿಯಲ್ಲಿ ಲಕ್ಷಣ ಕಾಣಲು ಸಾಮಾನ್ಯವಾಗಿ ಐದಾರು ದಿನ, ಕೆಲವೊಮ್ಮೆ 15 ದಿನಗಳವರೆಗೂ ಬೇಕಾಗುತ್ತದೆ. ಅಂದರೆ ಕೊಂಡ ದಿನ ಚುರುಕಾಗಿ ಓಡಾಡುವ ಹೇಂಟೆಯೇ ಮುಂದಿನ ವಾರ ಹಸಿರು ಬೆರೆತ ಭೇದಿಯಿಂದ ಬಳಲಿ, ಬಾಯಿ ತೆರೆದು ಉಸಿರೆಳೆಯುತ್ತಾ, ಕುತ್ತಿಗೆ ತಿರುಚಿಕೊಂಡು ಬೀಳಬಹುದು. ಅಷ್ಟರಲ್ಲಿ ಒಂದೇ ನೀರಿನ ಪಾತ್ರೆಯಿಂದ ರೋಗ ಐದಕ್ಕೂ ಹರಡಿರುತ್ತದೆ. ಇದಕ್ಕೆ ಔಷಧಿಯಿಲ್ಲ, ಲಸಿಕೆಯೊಂದೇ ರಕ್ಷಣೆ. ಹಾಗಾಗಿ ಹೊಸ ಕೋಳಿಯನ್ನು ಕನಿಷ್ಠ ಮೂರು ವಾರ, ಸಾಧ್ಯವಾದರೆ ಒಂದು ತಿಂಗಳು, ಹಳೆಯ ಗೂಡಿನಿಂದ ದೂರದಲ್ಲಿ, ಬೇರೆಯದೇ ಪಾತ್ರೆಗಳೊಂದಿಗೆ ಇಡಬೇಕು. ಪ್ರತಿದಿನ ಹಳೆಯ ಕೋಳಿಗಳ ಕೆಲಸ ಮುಗಿಸಿದ ನಂತರವೇ ಹೊಸದರ ಬಳಿಗೆ ಹೋಗಿ, ಬಂದಮೇಲೆ ಕೈಕಾಲು ತೊಳೆಯಿರಿ. ನಿಮ್ಮ ಹಳೆಯ ಹೇಂಟೆಗಳು ಈಗಾಗಲೇ ಅದರ ಸಂಪರ್ಕಕ್ಕೆ ಬಂದಿರುವುದರಿಂದ ಅವುಗಳ ಹಿಕ್ಕೆಯನ್ನೂ ಮೇವು ತಿನ್ನುವ ರೀತಿಯನ್ನೂ ದಿನವೂ ಗಮನಿಸಿ; ಏನಾದರೂ ವ್ಯತ್ಯಾಸ ಕಂಡರೆ ತಡಮಾಡದೆ ಹತ್ತಿರದ ಪಶು ಆಸ್ಪತ್ರೆಗೆ ತಿಳಿಸಿ.

ಬೇರೆ ಇಟ್ಟ ದಿನಗಳಲ್ಲಿ ಅದನ್ನು ರಾತ್ರಿ ಹೊತ್ತು ಕೈಗೆತ್ತಿಕೊಂಡು ಟಾರ್ಚ್ ಬೆಳಕಿನಲ್ಲಿ ಪರೀಕ್ಷಿಸಿ. ಬಾಲದ ಕೆಳಗಿನ ಪುಕ್ಕಗಳನ್ನು ಬಿಡಿಸಿದಾಗ ಗರಿಗಳ ಬುಡದಲ್ಲಿ ಬಿಳಿ ಮೊಟ್ಟೆಗಳ ಗೊಂಚಲೋ, ಬೆಳಕಿಗೆ ಬೆದರಿ ಓಡುವ ಹಳದಿ ಹೇನುಗಳೋ ಕಂಡರೆ ಗುಂಪಿಗೆ ಬಿಡುವ ಮೊದಲು ಅದಕ್ಕೆ ಚಿಕಿತ್ಸೆಯಾಗಬೇಕು. ಕಾಲಿನ ಹುರುಪೆಗಳು ಎದ್ದುನಿಂತು ಒರಟಾಗಿದ್ದರೆ ಒಳಗೆ ನುಸಿ ಸೇರಿದೆ ಎಂದರ್ಥ. ಕಾಲುಗಳನ್ನು ತೊಳೆದು, ಕೆಲವು ವಾರ ಕೊಬ್ಬರಿ ಎಣ್ಣೆ ಸವರಿದರೆ ಅವು ಉಸಿರುಕಟ್ಟಿ ಸಾಯುತ್ತವೆ. ಬಳಿಕ ಕಿವಿಯನ್ನು ಅದರ ಬೆನ್ನಿನ ಹತ್ತಿರ ಹಿಡಿದು ಉಸಿರನ್ನು ಕೇಳಿ, ಗೊರಗೊರ ಸದ್ದಿದ್ದರೆ ವೈದ್ಯರಿಗೆ ತೋರಿಸಿ.

ರಾಣಿಖೇತ್ ರೋಗದ ಲಸಿಕೆಯ ವಿಷಯದಲ್ಲಿ ಒಂದು ತೊಡಕಿದೆ. ಎಂಟು ವಾರ ದಾಟಿದ ಕೋಳಿಗಳಿಗೆ ಹಾಕುವ ಆರ್‌ಟೂಬಿ ಲಸಿಕೆ ಸಾಮಾನ್ಯವಾಗಿ ನೂರು ಕೋಳಿಗಳಿಗಾಗುವ ಸೀಸೆಯಲ್ಲಿ ಬರುತ್ತದೆ, ಮತ್ತು ಒಮ್ಮೆ ಕಲಸಿದ ಮೇಲೆ ಅದನ್ನು ತಂಪಾಗಿಟ್ಟು ಒಂದೆರಡು ಗಂಟೆಗಳಲ್ಲಿ ಮುಗಿಸಬೇಕು. ಐದಾರು ಕೋಳಿ ಸಾಕುವವರು ಇದೇ ಕಾರಣಕ್ಕೆ ಲಸಿಕೆ ಹಾಕಿಸದೆ ಸುಮ್ಮನಾಗುತ್ತಾರೆ. ಬೀದಿಯ ನಾಲ್ಕಾರು ಮನೆಯವರು ಒಂದಾಗಿ ಒಂದೇ ದಿನ ಹಾಕಿಸಿದರೆ ಖರ್ಚು ಹಂಚಿಹೋಗುತ್ತದೆ, ಅಕ್ಕಪಕ್ಕದ ಮನೆಗಳಿಂದ ರೋಗ ಬರುವ ಭಯವೂ ತಗ್ಗುತ್ತದೆ. ಆದರೆ ಕಾಯಿಲೆಯ ಕೋಳಿಗೆ ಲಸಿಕೆ ಹಾಕಿಸಬೇಡಿ.

ಇನ್ನು ಕುಕ್ಕುವ ವಿಚಾರ. ಕೋಳಿಗಳ ಗುಂಪಿನಲ್ಲಿ ಯಾರು ಯಾರನ್ನು ಕುಕ್ಕಬಹುದು, ಯಾರು ಮೊದಲು ತಿನ್ನಬೇಕು ಎಂಬ ಕಟ್ಟುನಿಟ್ಟಾದ ಶ್ರೇಣಿ ಇರುತ್ತದೆ. ನಾರ್ವೆಯ ಥಾರ್ಲೀಫ್ ಶೆಲ್ಡರುಪ್-ಎಬ್ಬೆ ಎಂಬ ಪ್ರಾಣಿಶಾಸ್ತ್ರಜ್ಞರು ಇದನ್ನು 1922ರಲ್ಲಿ ವಿವರವಾಗಿ ಬರೆದಿದ್ದಾರೆ. ಹೊಸಬಳು ಬಂದಾಗ ಆ ಶ್ರೇಣಿ ಮತ್ತೆ ನಿರ್ಧಾರವಾಗಬೇಕು. ಗಿರಿರಾಜ ಮೈಕಟ್ಟಿನಲ್ಲಿ ನಾಟಿಗಿಂತ ದೊಡ್ಡದಾದರೂ, ಪರಸ್ಥಳದಲ್ಲಿ ಒಂಟಿಯಾಗಿ ಐದನ್ನು ಎದುರಿಸುವಾಗ ಗಾತ್ರ ನೆರವಿಗೆ ಬರುವುದಿಲ್ಲ. ಆದ್ದರಿಂದ ತರುವುದಾದರೆ ಯಾವಾಗಲೂ ಎರಡನ್ನು ತರಬೇಕೆಂದು ನಾನು ಒತ್ತಿ ಹೇಳುತ್ತೇನೆ. ಪ್ರತ್ಯೇಕವಾಗಿಟ್ಟ ಅವಧಿ ಮುಗಿದ ಮೇಲೆ ಒಂದು ವಾರ ಎರಡೂ ಕಡೆಯವು ತಂತಿ ಬಲೆಯ ಮೂಲಕ ಒಂದನ್ನೊಂದು ನೋಡುತ್ತಾ ತಿನ್ನಲಿ. ಅನಂತರ ಸಂಜೆಯ ಮೇವಿಗೆ ಹಿತ್ತಲಿನ ಬಯಲಿನಲ್ಲಿ ಒಟ್ಟಿಗೆ ಬಿಡಿ. ಅಲ್ಲಿ ಓಡಿ ತಪ್ಪಿಸಿಕೊಳ್ಳಲು ಜಾಗವಿರುತ್ತದೆ, ಇಕ್ಕಟ್ಟಾದ ಗೂಡಿನಲ್ಲಿ ಅದಿರುವುದಿಲ್ಲ. ಮೇವು, ನೀರನ್ನು ಎರಡು ಮೂರು ಕಡೆ ಇಡಿ, ಗಿಡದ ಕೊಂಬೆಯನ್ನೋ ಹಳೆಯ ಬುಟ್ಟಿಯನ್ನೋ ಅಡಗುವುದಕ್ಕೆ ಒಡ್ಡಿಡಿ. ಒಂದೆರಡು ಸಲ ಕುಕ್ಕಿ ಬಿಟ್ಟರೆ ನಡುವೆ ಹೋಗಬೇಡಿ. ಬೆನ್ನಟ್ಟಿ ಕೆಡವಿ ರಕ್ತ ಬರಿಸಿದರೆ, ಹೊಸದನ್ನಲ್ಲ, ಹಾಗೆ ಮಾಡುವ ಹಳೆಯ ಹೇಂಟೆಯನ್ನೇ ನಾಲ್ಕೈದು ದಿನ ಬೇರೆ ಇಡಿ. ಮರಳಿ ಬಂದಾಗ ಅದರ ಜೋರು ತಗ್ಗಿರುತ್ತದೆ.

ಪ್ರಶ್ನೆ: ಜಾತ್ರೆಯಲ್ಲಿ ಮಗಳು ಹಟ ಹಿಡಿದು ಗುಲಾಬಿ ಬಣ್ಣದ ಒಂದು ಮರಿ ಕೊಂಡಳು. ರಾತ್ರಿಯಿಡೀ ಚೀರುತ್ತದೆ. ಅದನ್ನು ಉಳಿಸಿಕೊಳ್ಳುವುದು ಹೇಗೆ?
– ಹಾವೇರಿಯ ಓದುಗರು

ಉತ್ತರ: ಅದು ಚೀರುತ್ತಿರುವುದು ಚಳಿಗೆ ಮತ್ತು ಒಂಟಿತನಕ್ಕೆ. ಮೊದಲ ವಾರ ಮರಿಯಿರುವ ಜಾಗದಲ್ಲಿ ಸುಮಾರು 35 ಡಿಗ್ರಿ ಸೆಲ್ಸಿಯಸ್ ಶಾಖವಿರಬೇಕು, ನಂತರ ವಾರಕ್ಕೆ ಸುಮಾರು ಮೂರು ಡಿಗ್ರಿಯಂತೆ ಇಳಿಸಬಹುದು. ರಟ್ಟಿನ ಪೆಟ್ಟಿಗೆಯ ಒಂದು ತುದಿಗೆ 60 ವಾಟಿನ ಹಳೆಯ ಮಾದರಿಯ ಬಲ್ಬನ್ನು ರಟ್ಟಿಗೆ ತಾಗದಂತೆ ತೂಗುಬಿಟ್ಟು, ಇನ್ನೊಂದು ತುದಿ ತಂಪಾಗಿರಲಿ. ಮರಿ ದೀಪದ ಕೆಳಗೇ ಮುದುಡಿದರೆ ಶಾಖ ಸಾಲದು, ಬಾಯಿ ತೆರೆದು ದೂರ ಸರಿದರೆ ಹೆಚ್ಚಾಗಿದೆ. ಎಲ್‌ಇಡಿ ದೀಪ ಬೆಳಕು ಕೊಡುತ್ತದೆಯೇ ಹೊರತು ಶಾಖ ಕೊಡುವುದಿಲ್ಲ. ನೀರಿನ ತಟ್ಟೆಯಲ್ಲಿ ಬೆಣಚುಕಲ್ಲು ಹಾಕಿ, ಮರಿ ಮುಳುಗುವುದಿಲ್ಲ. ಅಕ್ಕಿ ನುಚ್ಚೊಂದನ್ನೇ ಕೊಡದೆ ಮರಿಗಳ ಮೇವನ್ನೇ ತನ್ನಿ. ಮೊಟ್ಟೆಕೋಳಿಯ ಮೇವಿನಲ್ಲಿ ಸುಣ್ಣದಂಶ ಹೆಚ್ಚಿರುವುದರಿಂದ ಅದು ಮರಿಯ ಮೂತ್ರಪಿಂಡಕ್ಕೆ ಹಾನಿ. ಅದೇ ಪ್ರಾಯದ ಇನ್ನೊಂದೆರಡು ಮರಿಗಳನ್ನು ಹ್ಯಾಚರಿಯಿಂದ ತಂದು ಜೊತೆಗೂಡಿಸಿದರೆ ಚೀರುವುದು ನಿಲ್ಲುತ್ತದೆ. ಬಣ್ಣ ಹಾಕಿ ಮಾರುವ ಮರಿಗಳು ಬಹುತೇಕ ಮೊಟ್ಟೆಕೋಳಿ ತಳಿಯ ಗಂಡು ಮರಿಗಳು. ಹೊಸ ಗರಿ ಬಂದಂತೆ ಬಣ್ಣ ಉದುರಿ ಅದು ಹುಂಜವಾಗಿ ಬೆಳೆಯುತ್ತದೆ ಎಂಬುದನ್ನು ಮಗಳಿಗೆ ಈಗಲೇ ತಿಳಿಸಿ. ಇಂಥ ಮರಿಗಳನ್ನು ಕೊಳ್ಳುವವರಿರುವುದರಿಂದಲೇ ಬಣ್ಣ ಬಳಿಯುವುದು ನಡೆದಿದೆ, ಮುಂದಿನ ಜಾತ್ರೆಯಲ್ಲಿ ಕೊಳ್ಳಬೇಡಿ.

ಪ್ರಶ್ನೆ: ಬೆಂಗಳೂರಿನಲ್ಲಿ ತಾರಸಿಯ ಮೇಲೆ ಎರಡು ಹೇಂಟೆ ತರುವ ಯೋಚನೆಯಿದೆ. ಹುಂಜವಿಲ್ಲದೆ ಮೊಟ್ಟೆ ಇಡುತ್ತವೆಯೇ?
– ಬೆಂಗಳೂರಿನ ಓದುಗರು

ಉತ್ತರ: ಇಡುತ್ತವೆ, ಆ ಮೊಟ್ಟೆಗಳಿಂದ ಮರಿ ಬರುವುದಿಲ್ಲ ಅಷ್ಟೆ, ಪೌಷ್ಟಿಕತೆಯಲ್ಲಿ ಕೊರತೆಯಿಲ್ಲ. ನಸುಕಿನ ಕೂಗು ನೆರೆಯವರಿಗೆ ತೊಂದರೆಯಾಗುವುದರಿಂದ ತಾರಸಿಗೆ ಹುಂಜ ಬೇಡವೇ ಬೇಡ. ನೀವು ಯೋಚಿಸಬೇಕಾದದ್ದು ಬಿಸಿಲಿನ ಬಗ್ಗೆ. ಮಾರ್ಚ್‌ನಿಂದ ಮೇವರೆಗೆ ಕಾದ ಕಾಂಕ್ರೀಟಿನ ಮೇಲೆ ಕೋಳಿ ನಿಲ್ಲಲಾರದು, ಅದಕ್ಕೆ ಬೆವರುವ ಗ್ರಂಥಿಗಳಿಲ್ಲ. ನೆರಳುಬಲೆ, ನಾಲ್ಕು ಬೆರಳು ದಪ್ಪದ ಭತ್ತದ ಹೊಟ್ಟಿನ ಹಾಸು, ದಿನಕ್ಕೆರಡು ಬಾರಿ ಬದಲಿಸಿದ ತಣ್ಣೀರು, ಮಣ್ಣಾಟಕ್ಕೆ ಒಂದು ತೊಟ್ಟಿ ಮಣ್ಣು, ಇವಿಷ್ಟನ್ನೂ ಮೊದಲು ಸಿದ್ಧಮಾಡಿಕೊಂಡು ಆಮೇಲೆ ಹೇಂಟೆಗಳನ್ನು ತನ್ನಿ.