ಅಮ್ಮನಿಗೆ ಈ ವಯಸ್ಸಲ್ಲಿ ಲಸಿಕೆ ಬೇಕಾ?

ಪ್ರಶ್ನೆ: ನಮ್ಮದು ಸಕಲೇಶಪುರದ ಹತ್ತಿರದ ಹಳ್ಳಿ. ಅಮ್ಮನಿಗೆ 69 ವರ್ಷ, 15 ವರ್ಷದಿಂದ ಶುಗರ್ ಇದೆ. ಹೋದ ಮಳೆಗಾಲದಲ್ಲಿ ನ್ಯುಮೋನಿಯಾ ಆಗಿ ಆರು ದಿನ ಆಸ್ಪತ್ರೆಯಲ್ಲಿದ್ದರು. ಡಾಕ್ಟರು ಫ್ಲೂ, ನ್ಯುಮೋನಿಯಾ, ಸರ್ಪಸುತ್ತಿನ ಲಸಿಕೆ ಹಾಕಿಸಿ ಅಂದಿದ್ದಾರೆ. ಮನೆಯವರು ಮಾತ್ರ, ಲಸಿಕೆ ಮಕ್ಕಳಿಗಲ್ವಾ, ಸುಮ್ನೆ ಜ್ವರ ಬರಿಸಿಕೊಳ್ಳೋದು ಯಾಕೆ ಅಂತಾರೆ.

ಉತ್ತರ: ಹಾಕಿಸಿ. ಜೂನ್ ಮಳೆ ಹಿಡಿಯುವ ಮೊದಲೇ ಹಾಕಿಸಿ.

ವಯಸ್ಸಾದಂತೆ ಮೈಯ ಕಾವಲು ಸಡಿಲವಾಗುತ್ತದೆ, ಶುಗರ್ ಇದ್ದರೆ ಇನ್ನೂ ಜಾಸ್ತಿ. ಮಗನಿಗೆ ಮೂರು ದಿನದ ನೆಗಡಿ ಜ್ವರವಾಗಿ ಹೋಗುವ ಫ್ಲೂ, ಅದೇ ಮನೆಯ ಅಜ್ಜಿಯನ್ನು ಆಕ್ಸಿಜನ್ ಹಾಕುವ ತನಕ ಕೊಂಡೊಯ್ಯುತ್ತದೆ. ನಮ್ಮ ದೇಶದಲ್ಲಿ ಫ್ಲೂ ಮಳೆಗಾಲದಲ್ಲಿ ಒಂದು ಸಲ, ಚಳಿಗಾಲ ಮುಗಿಯುವ ಹೊತ್ತಿಗೆ ಇನ್ನೊಂದು ಸಲ ಏರುತ್ತದೆ. ಸೂಜಿ ಹಾಕಿಸಿದ ಮೇಲೆ ಮೈಗೆ ಶಕ್ತಿ ಬರಲು ಎರಡು ವಾರ ಬೇಕು. ಅದಕ್ಕೇ ನಾನು ಮಲೆನಾಡಿನವರಿಗೆ ಏಪ್ರಿಲ್, ಮೇ ತಿಂಗಳು ಹೇಳೋದು. ಫ್ಲೂ ವೈರಸ್ ವರ್ಷ ವರ್ಷ ರೂಪ ಬದಲಿಸುವುದರಿಂದ ಈ ಲಸಿಕೆ ಪ್ರತಿ ವರ್ಷ ಬೇಕು. ಸೂಜಿಯಲ್ಲಿರುವುದು ಸತ್ತ ವೈರಸ್ಸಿನ ಚೂರುಗಳು, ಅದರಿಂದ ಫ್ಲೂ ಬರಲು ಸಾಧ್ಯವೇ ಇಲ್ಲ. ಒಂದೆರಡು ದಿನ ತೋಳು ನೋವು, ಮೈ ಬಿಸಿ ಇರಬಹುದು, ಅಷ್ಟೇ.

ನ್ಯುಮೋನಿಯಾ ಲಸಿಕೆ ಪ್ರತಿ ವರ್ಷ ಬೇಡ. ನ್ಯುಮೋನಿಯಾ ತರುವ ನ್ಯುಮೋಕಾಕಸ್ ರೋಗಾಣುವಿನ 20 ಬಗೆಯನ್ನು ತಡೆಯುವ ಲಸಿಕೆ ಸಿಕ್ಕರೆ ಒಂದೇ ಸಲ ಸಾಕು, ಇಲ್ಲದಿದ್ದರೆ 13 ಬಗೆಯದು ಹಾಕಿಸಿ ಒಂದು ವರ್ಷದ ನಂತರ 23 ಬಗೆಯದು. ಯಾವುದು ಹಾಕಿದರು ಅಂತ ಅಮ್ಮನ ಶುಗರ್ ಪುಸ್ತಕದಲ್ಲೇ ಬರೆಸಿಕೊಳ್ಳಿ. ಫ್ಲೂ ಸೂಜಿಯ ದಿನವೇ ಇನ್ನೊಂದು ತೋಳಿಗೆ ಇದನ್ನೂ ಹಾಕಿಸಬಹುದು.

ಸರ್ಪಸುತ್ತಿನ ವಿಷಯ ನನಗೆ ಮನೆಯ ವಿಷಯ. ನನ್ನ ತಾಯಿಗೆ 71ರಲ್ಲಿ ಎಡ ಪಕ್ಕೆಯಲ್ಲಿ ಗುಳ್ಳೆ ಎದ್ದಾಗ ನಾನು ಊರಲ್ಲಿರಲಿಲ್ಲ. ಕೆಮ್ಮಣ್ಣು ಹಚ್ಚಿದರು, ತಲೆ ಬಾಲ ಕೂಡಬಾರದು ಅಂತ ದೃಷ್ಟಿ ತೆಗೆಸಿದರು. ನನಗೆ ಗೊತ್ತಾಗುವ ಹೊತ್ತಿಗೆ ಐದನೇ ದಿನ. ವೈರಸ್ ತಡೆಯುವ ಮಾತ್ರೆ ಶುರು ಮಾಡಬೇಕಾದ ಮೊದಲ ಮೂರು ದಿನ ಕಳೆದೇ ಹೋಗಿತ್ತು. ಗುಳ್ಳೆ ಮೂರು ವಾರಕ್ಕೆ ಒಣಗಿತು, ಉರಿ ಮಾತ್ರ ಎಂಟು ತಿಂಗಳು ಬಿಡಲಿಲ್ಲ. ಸೆರಗು ತಾಗಿದರೂ ಹೌಹಾರುತ್ತಿದ್ದರು. ರಾತ್ರಿ ಹಾಸಿಗೆಯ ಅಂಚಿನಲ್ಲಿ ಬಲಕ್ಕೆ ವಾಲಿ ಕೂತೇ ನಿದ್ದೆ ಮಾಡುತ್ತಿದ್ದರು. ಚಿಕ್ಕಂದಿನಲ್ಲಿ ಬಂದು ಹೋದ ಸೀತಾಳೆ ಸಿಡುಬಿನ ವೈರಸ್ಸೇ ನರದ ಬುಡದಲ್ಲಿ ಅಡಗಿದ್ದು ವಯಸ್ಸಾದಾಗ ಹೀಗೆ ಮೇಲೇಳುತ್ತದೆ. ಇದರ ಲಸಿಕೆ 50 ದಾಟಿದವರಿಗೆ, ಎರಡು ಡೋಸ್, ನಡುವೆ ಎರಡರಿಂದ ಆರು ತಿಂಗಳ ಅಂತರ. ಬೆಲೆ ಜಾಸ್ತಿ, ನಿಜ. ಸರ್ಕಾರದ ಉಚಿತ ಲಸಿಕೆಗಳು ಮುಖ್ಯವಾಗಿ ಮಕ್ಕಳಿಗೆ, ಬಸುರಿಯರಿಗೆ. ದೊಡ್ಡವರ ಇಂಥ ಲಸಿಕೆಗೆ ಸಾಮಾನ್ಯವಾಗಿ ನಾವೇ ದುಡ್ಡು ಕೊಡಬೇಕು. ಕೈಯಲ್ಲಿ ಕಡಿಮೆ ಇದ್ದರೆ ಮೊದಲು ಫ್ಲೂ, ನ್ಯುಮೋನಿಯಾ ಮುಗಿಸಿ, ಕಾಫಿ ದುಡ್ಡು ಬಂದಾಗ ಇದನ್ನು ನೋಡಿ.

ಇನ್ನೊಂದು ಮಾತು. ಲಸಿಕೆಯನ್ನು ಮೆಡಿಕಲ್ ಶಾಪಿನಿಂದ ನೀವೇ ತಂದು ಮನೆಯಲ್ಲಿ ಇಡಬೇಡಿ. ಅದು 2ರಿಂದ 8 ಡಿಗ್ರಿಯಲ್ಲಿರಬೇಕು. ಒಬ್ಬರು ಕೆಡಬಾರದು ಅಂತ ಫ್ರೀಜರಿನಲ್ಲಿಟ್ಟು, ಕಲ್ಲಾದ ಸಿರಿಂಜನ್ನು ಟವೆಲಿನಲ್ಲಿ ಸುತ್ತಿ ತಂದಿದ್ದರು. ಹೆಪ್ಪುಗಟ್ಟಿದ ಲಸಿಕೆ ಕೆಲಸಕ್ಕೆ ಬಾರದು, ಅವರೆದುರೇ ಎಸೆಯಬೇಕಾಯಿತು. ನನಗೇ ಸಂಕಟವಾಯಿತು.

ಪ್ರಶ್ನೆ: ಹಾಸನದಿಂದ ಬರೆಯುತ್ತಿದ್ದೇನೆ. ತಂದೆಗೆ ಸ್ಟೆಂಟ್ ಹಾಕಿದೆ, ರಕ್ತ ತೆಳುವಾಗುವ ಮಾತ್ರೆ ತಗೊಳ್ತಾರೆ. ಅವರು ಫ್ಲೂ ಲಸಿಕೆ ಹಾಕಿಸಬಹುದಾ?

ಉತ್ತರ: ಖಂಡಿತ. ಮಾತ್ರೆ ನಿಲ್ಲಿಸಬೇಡಿ, ಆದರೆ ಸೂಜಿ ಹಾಕುವವರಿಗೆ ಮೊದಲೇ ಹೇಳಿ. ಸಣ್ಣ ಸೂಜಿ ಬಳಸುತ್ತಾರೆ. ಆಮೇಲೆ ಎರಡು ಮೂರು ನಿಮಿಷ ಹತ್ತಿ ಒತ್ತಿ ಹಿಡಿಯಿರಿ, ಉಜ್ಜಬೇಡಿ.

2025ರ ಜೂನ್, ಜುಲೈನಲ್ಲಿ ಹೃದಯಾಘಾತದ ಸುದ್ದಿ ಕೇಳಿ ಹಾಸನದಲ್ಲಿ ಎಲ್ಲರೂ ಇಸಿಜಿಗೆ ಸಾಲು ನಿಂತಿದ್ದರಲ್ಲ, ಆಗ ಲಸಿಕೆಯ ಮಾತು ಯಾರ ಬಾಯಲ್ಲೂ ನಾನು ಕೇಳಲಿಲ್ಲ. ಫ್ಲೂ ತಗುಲಿದ ಮೊದಲ ಏಳು ದಿನ ಹೃದಯಾಘಾತದ ಅಪಾಯ ಸುಮಾರು ಆರು ಪಟ್ಟು ಏರುತ್ತದೆ ಅಂತ ಕೆನಡಾದ ಅಧ್ಯಯನವೊಂದು 2018ರಲ್ಲೇ ತೋರಿಸಿದೆ. ಹೃದ್ರೋಗಿಗಳಿಗೆ ಈ ಸೂಜಿ ಬರೀ ನೆಗಡಿಯ ಸೂಜಿಯಲ್ಲ.

ಪ್ರಶ್ನೆ: ಕೊಪ್ಪದ ಹತ್ತಿರ ತೋಟವಿದೆ. ಅಪ್ಪನಿಗೆ 66. ಮಂಗನ ಕಾಯಿಲೆ ಲಸಿಕೆ ಎಲ್ಲಿ ಸಿಗುತ್ತದೆ?

ಉತ್ತರ: ಈಗ ಸಿಗುವುದಿಲ್ಲ. ಹಳೆಯ ಲಸಿಕೆ ಸರಿಯಾಗಿ ಕೆಲಸ ಮಾಡದ ಕಾರಣ ನಿಲ್ಲಿಸಿದ್ದಾರೆ, ಹೊಸದರ ಕೆಲಸ ನಡೆಯುತ್ತಿದೆ. ಈ ಕಾಯಿಲೆ ಕಾಡಿನ ಉಣ್ಣೆ (ಉಣುಗು) ಹುಳ ಕಚ್ಚಿ ಬರುತ್ತದೆ. ಡಿಸೆಂಬರಿನಿಂದ ಮೇ ತನಕ ಕಾಡಂಚಿಗೆ ಹೋಗುವಾಗ ಕೈಕಾಲಿಗೆ ಉಣ್ಣೆ ಹತ್ತದಂತೆ ತಡೆಯುವ ಡೆಪಾ ಎಣ್ಣೆ ಹಚ್ಚಿಕೊಳ್ಳಲಿ, ಬಂದ ಕೂಡಲೇ ಬಿಸಿನೀರು ಸ್ನಾನ ಮಾಡಿ ಬಟ್ಟೆ ಒಗೆಯಲು ಹಾಕಲಿ. ಕಚ್ಚಿದ ಉಣ್ಣೆ ಇದೆಯಾ ಅಂತ ಕಿವಿಯ ಹಿಂದೆ, ಕಂಕುಳಲ್ಲಿ ನೀವೇ ನೋಡಿ. ಮಂಗ ಸತ್ತು ಬಿದ್ದಿದ್ದರೆ ಹತ್ತಿರ ಹೋಗದೆ ಆರೋಗ್ಯ ಕೇಂದ್ರಕ್ಕೆ ತಿಳಿಸಿ. ಜ್ವರ ಬಂದರೆ, ಕಾಡಿಗೆ ಹೋಗಿದ್ದರು ಅನ್ನುವುದನ್ನು ಡಾಕ್ಟರಿಗೆ ಎಲ್ಲಕ್ಕಿಂತ ಮೊದಲು ಹೇಳಿ.